ಮಂದಿ ಬಂದಾಗ ಮಂದಿ ಏನ್ ಮಾಡಬೇಕು? ಮುತ್ತಜ್ಜನ ಕೀರ್ದಿ, ಮುಂಬೈಗೆ ಹೋದ ಬಂಗಾರ ಮತ್ತ ಅರ್ಥಶಾಸ್ತ್ರದ ಪಂಡಿತರು

ಕೀರ್ದಿ_ಗದಗ (ಶನಿವಾರ, ರಾತ್ರಿ 9:10)

ಎಲ್ಲಾರಿಗೂ ನಮಸ್ಕಾರ್ರಿ. ಹೋದ ತಿಂಗಳ ಗದಗಿನ ನಮ್ಮ ಹಳೇ ಮನಿ ಮಾಳಗಿ ಬಿಚ್ಚಸೂ ಮುಂದ ಒಂದು ತಗಡಿನ ಟ್ರಂಕ್ ಸಿಕ್ತು. ಅದರಾಗ ನಮ್ಮ ಮುತ್ತಜ್ಜನ ಮೂರು ರೋಜಕೀರ್ದಿ, ಅಂದ್ರ ದಿನದ ಲೆಕ್ಕದ ಪುಸ್ತಕ. ಕೆಂಪು ಅರಿವಿ ಹೊದಿಕಿ, ಅಂಚು ಗೆದ್ದಲ ತಿಂದಾವ. ಅಂವಾ ಹತ್ತಿ ದಲಾಲಿ ಮಾಡ್ತಿದ್ದ, ಜೋಡೀಲೆ ಬಂಗಾರ ಗಿರವಿ ಇಟ್ಕೊಂಡು ಸಾಲಾನೂ ಕೊಡ್ತಿದ್ದ. ಅಂದ್ರ ಸಾವ್ಕಾರ. ನಮ್ಮ ಮನ್ಯಾಗ ಈ ಮಾತು ಯಾರೂ ದೊಡ್ಡ ದನೀಲೆ ಆಡಂಗಿಲ್ಲ.

ಮೊದಲನೇ ಪುಸ್ತಕದಾಗ ಬರೇ ಹತ್ತಿ, ಶೇಂಗಾ, ಜ್ವಾಳ. 1931ರ ದೀಪಾವಳಿ ಪಾಡ್ಯಾಕ್ಕ ಪೂಜಿ ಮಾಡಿ ತೆರದ ಪುಸ್ತಕದಾಗ ಹತ್ತಿ ಲೆಕ್ಕ ಸಣ್ಣಾಗಿ, ಪುಟಾ ತುಂಬ ಒಡವಿ ಹೆಸರು ಬಂದಾವ. ಬುಗುಡಿ, ಪಾಟಲಿ, ಬಿಲವಾರ, ಸರಗಿ, ಬೋರಮಾಳ. ಎದುರಿಗೆ ಊರಿನ ಹೆಸರು, ಕಡೀಕ ಒಂದ ಶಬ್ದ: ಮುಂಬೈ. ಅಂಚಿನಾಗ ಅಲ್ಲಲ್ಲಿ ಮರಾಠಿಯ ಹಳೇ ಮೋಡಿ ಲಿಪಿ ಐತಿ, ಅದು ನನಗ ಓದಾಕ ಬರಂಗಿಲ್ಲ.

1929ಕ್ಕ ಅಮೆರಿಕಾದಾಗ ಶೇರು ಬಿದ್ರ ಗದಗ ತಾಲೂಕಿನ ಹೆಣ್ಮಗಳ ಕಿವ್ಯಾನ ಬುಗುಡಿ ಯಾಕ ಮುಂಬೈಗೆ ಹೋಗಬೇಕಾತು? ಆಗ ಈ ಅರ್ಥಶಾಸ್ತ್ರದ ದೊಡ್ಡ ದೊಡ್ಡ ತಲಿಗೋಳು ಏನ್ ಮಾಡಾಕತ್ತಿದ್ವು? ಬಲ್ಲವರು ಹೇಳ್ರಿ.

ಅಮರಗೋಳ_ದಲಾಲ (ಶನಿವಾರ, ರಾತ್ರಿ 9:32)

ಅಣ್ಣಾರ, ನಮ್ಮ ಧಂಧೇದಾಗ ಎರಡ ಶಬ್ದ. ತೇಜಿ ಅಂದ್ರ ದರ ಏರೂ ಕಾಲ, ಮಂದಿ ಅಂದ್ರ ಬೀಳೂ ಕಾಲ. ನಮ್ಮಪ್ಪ ಅಂತಿದ್ದ, "ತೇಜಿ ಬಂದ್ರ ನಾಕ ಮಂದಿಗೆ, ಮಂದಿ ಬಂದ್ರ ಎಲ್ಲಾ ಮಂದಿಗೆ." ಪುಸ್ತಕದ್ದು ಮಾಸ್ತರ್ ಹೇಳ್ತಾರ, ಇನ್ನೇನ್ ಬಂದಬಿಡ್ತಾರ ನೋಡ್ರಿ.

ನಿವೃತ್ತ_ಮಾಸ್ತರ_ಧಾರವಾಡ (ಶನಿವಾರ, ರಾತ್ರಿ 10:25)

ಬಂದೆ. ಊಟ ಮುಗಿಸಿ ಕೂತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ತಾಳಿಕೊಳ್ಳಿ.

ಕೀರ್ದಿ ಅವರೇ, ನಿಮ್ಮ ಪುಸ್ತಕದ ತಾರೀಖು ನೋಡಿಯೇ ಮೈ ಜುಂ ಅಂದಿತು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಮಾನವನ್ನು ಕೈಬಿಟ್ಟಿತು. ಅಂದರೆ ಒಂದು ಪೌಂಡಿಗೆ ಇಂತಿಷ್ಟು ಬಂಗಾರ ಕೊಡುತ್ತೇವೆ ಎಂಬ ವಚನ ಮುರಿಯಿತು. ನಮ್ಮ ರೂಪಾಯಿಯ ಕೊರಳಿಗೆ ಪೌಂಡಿನ ಹಗ್ಗವಿತ್ತು, ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಪೌಂಡು ಜಾರಿದಾಗ ರೂಪಾಯಿಯೂ ಜಾರಿತು, ಬಂಗಾರದ ದರ ರೂಪಾಯಿ ಲೆಕ್ಕದಲ್ಲಿ ಏರಿತು. 1927ರ ಕಾಯ್ದೆಯ ಪ್ರಕಾರ ತೊಲಿಗೆ 21 ರೂಪಾಯಿ 3 ಆಣೆ 10 ಪೈ ಇದ್ದದ್ದು ಅದನ್ನು ದಾಟಿ ಹೋಯಿತು. ದೀಪಾವಳಿಗೆ ನಿಮ್ಮ ಮುತ್ತಜ್ಜ ಹೊಸ ಪುಸ್ತಕ ತೆರೆಯುವಾಗ ಇದಾಗಿ ಏಳು ವಾರ. ಸುದ್ದಿ ಗದಗಿನ ಪೇಟೆಗೆ ಬಂದಿತ್ತು.

ಆದರೆ ದರ ಏರಿತೆಂಬ ಒಂದೇ ಕಾರಣಕ್ಕೆ ಯಾವ ಹೆಣ್ಣುಮಗಳೂ ಕಿವಿಯ ಬುಗುಡಿ ಬಿಚ್ಚುವುದಿಲ್ಲ. ಬೆಳೆಯ ದರ ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿತ್ತು. ನಾವಾಗ ಮುಂಬೈ ಪ್ರಾಂತದವರು. ಭೂಕಂದಾಯ 30 ವರ್ಷಕ್ಕೊಮ್ಮೆ ನಿಗದಿಯಾಗುವಂಥದ್ದು, ರೊಕ್ಕದಲ್ಲೇ ಕಟ್ಟಬೇಕು, ದರ ಬಿತ್ತೆಂದು ಅದು ತಾನಾಗಿ ಇಳಿಯುವುದಿಲ್ಲ. ಸಾಲದ ಬಡ್ಡಿಯೂ ಇಳಿಯುವುದಿಲ್ಲ. ಇಳಿದದ್ದು ಬೆಳೆದವನ ಕೈಗೆ ಬರುವ ರೊಕ್ಕ ಒಂದೇ. ತಲೆತಲಾಂತರದಿಂದ ಬಂಗಾರ ತರಿಸಿಕೊಳ್ಳುತ್ತಿದ್ದ ದೇಶ ಆ ವರ್ಷದಿಂದ ಹೊರಗೆ ಕಳಿಸತೊಡಗಿತು. ಮುಂಬೈ ಬಂದರು, ಅಲ್ಲಿಂದ ಹಡಗು, ಅಲ್ಲಿಂದ ಲಂಡನ್. ಬಂಗಾರದ ರಫ್ತು ನಿಲ್ಲಿಸಿ ಎಂದು ಇಲ್ಲಿಯವರು ಕೂಗಿದರು, ಸರಕಾರ ಕೇಳಲಿಲ್ಲ. ಲಂಡನ್ನಿಗೆ ಆ ಬಂಗಾರ ಬೇಕಾಗಿತ್ತು.

ಒಂದು ಮಾತು. 1930ರ ಜನವರಿಯಲ್ಲಿ ಗಾಂಧೀಜಿ ವೈಸ್‌ರಾಯ್ ಮುಂದಿಟ್ಟ 11 ಬೇಡಿಕೆಗಳಲ್ಲಿ ಉಪ್ಪಿನ ಕರ ಎಲ್ಲರಿಗೂ ನೆನಪಿದೆ. ಅದರಲ್ಲೇ ರೂಪಾಯಿಯನ್ನು 1 ಶಿಲಿಂಗ್ 4 ಪೆನ್ಸಿಗೆ ಇಳಿಸಿ, ಭೂಕಂದಾಯ ಅರ್ಧ ಮಾಡಿ ಎಂಬುವೂ ಇದ್ದವು. ಇವೆರಡೂ ನಿಮ್ಮ ಕೀರ್ದಿಗೆ ನೇರ ಸಂಬಂಧಪಟ್ಟವು.

ಸಪ್ತಾಪುರ_ರೂಮ್_4 (ಶನಿವಾರ, ರಾತ್ರಿ 11:48)

ಸರ್, ನಾನು ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವವಳು. ನೋಟ್ಸಿನಲ್ಲಿ ಒಂದೇ ಸಾಲು: "1929ರ ಮಹಾ ಕುಸಿತ, ಕೇನ್ಸ್ ಬಂದು ಬಂಡವಾಳಶಾಹಿಯನ್ನು ಉಳಿಸಿದರು." ಇದನ್ನು ಉರು ಹೊಡೆದು ಸಾಕಾಗಿದೆ. ಬ್ರಿಟನ್ನಿನ ಈ ಅರ್ಥಶಾಸ್ತ್ರಜ್ಞ ಕೇನ್ಸರ ಮುಖ್ಯ ಗ್ರಂಥ ಬಂದದ್ದು 1936ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿತ್ತಲ್ಲ? ಅಮೆರಿಕದ ಡೌ ಶೇರು ಸೂಚ್ಯಂಕ 1929ರ ಸೆಪ್ಟೆಂಬರಿನ 381ರಿಂದ 1932ರ ಜುಲೈಗೆ 41ಕ್ಕೆ ಇಳಿದಿತ್ತು. 1933ಕ್ಕೆ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಇನ್ನೊಂದು ಸಂಗತಿ ಓದಿ ಬೆರಗಾದೆ. ಕೇನ್ಸರ ಮೊದಲ ನೌಕರಿ 1906ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, ಮೊದಲ ಪುಸ್ತಕ 1913ರಲ್ಲಿ ಭಾರತದ ನಾಣ್ಯ ವ್ಯವಸ್ಥೆಯ ಮೇಲೆ. ಆದರೆ ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ!

ನಿವೃತ್ತ_ಮಾಸ್ತರ_ಧಾರವಾಡ (ಶನಿವಾರ, ರಾತ್ರಿ 11:59)

ತಂಗಿ, ಆ ಪುಸ್ತಕದ ವಾದವನ್ನು ಹತ್ತು ವರ್ಷದ ಮೇಲೆ ನೇರವಾಗಿ ಎದುರು ಹಾಕಿಕೊಂಡವರು ಅಂಬೇಡ್ಕರ್. 1923ರಲ್ಲಿ ಬಂದ ಅವರ ರೂಪಾಯಿ ಸಮಸ್ಯೆಯ ಗ್ರಂಥ ಓದು. ಬೇರೆ ದೇಶದ ಹಣಕ್ಕೆ ರೂಪಾಯಿಯನ್ನು ಕಟ್ಟಿ, ಎಷ್ಟು ನಾಣ್ಯ ಹೊರಡಿಸಬೇಕೆಂಬುದನ್ನು ಸರಕಾರದ ಮರ್ಜಿಗೆ ಬಿಟ್ಟರೆ ಕೆಳಗಿನವನ ಗಂಜಿಗೆ ಕುತ್ತು ಎಂಬ ಧಾಟಿಯಲ್ಲಿ ಅವರ ವಾದ. 1925ರಲ್ಲಿ ರೂಪಾಯಿ ವ್ಯವಸ್ಥೆಯ ವಿಚಾರಣೆಗೆ ನೇಮಿಸಿದ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಹೋಗಿ ಹೇಳಿದರು. ನಿನ್ನ ನೋಟ್ಸಿನಲ್ಲಿ ಇದಿಲ್ಲದಿದ್ದರೆ ಅಂಚಿನಲ್ಲಿ ಬರೆದುಕೋ. ಇನ್ನು ಮಲಗು.

ಬ್ಯಾಡಗಿ_ಕಡ್ಡಿ (ಭಾನುವಾರ, ಬೆಳಿಗ್ಗೆ 6:55)

ಎಲ್ಲಾ ಓದಿದ್ನಿರಿ. ಸಿಟ್ಟು ಬಂತು. ಮನಿಗೆ ಬೆಂಕಿ ಹತ್ತಿದ ಮ್ಯಾಲೆ ಬಾವಿ ತೋಡೂದು ಅಂದ್ರ ಇದ. 1929ಕ್ಕ ಬಿತ್ತು, 36ಕ್ಕ ಪುಸ್ತಕ ಬಂತು. ಏಳ ವರ್ಷ ನಮ್ಮ ಕಡೇ ರೈತ ಏನ್ ತಿನ್ನಬೇಕ್ರಿ, ಕಾಗದಾ?

ನಮ್ಮ ಕಡೇದವರು ಪಂಡಿತರ ದಾರಿ ಕಾಯ್ಲಿಲ್ಲ. ಅಂಕೋಲಾ, ಸಿದ್ದಾಪುರ, ನಮ್ಮ ಹಿರೇಕೆರೂರಾಗ ಕರಾ ಕೊಡಂಗಿಲ್ಲ ಅಂತ ಕುಂತರು. ಎಮ್ಮಿ, ಪಾತ್ರಿ, ಹೊಲ ಲಿಲಾವು ಆದ್ರೂ ಕೊಡಲಿಲ್ಲ. ಅದು ಬರೇ ಸ್ವಾತಂತ್ರ್ಯದ ಹೋರಾಟ ಅಂತ ಶಾಲ್ಯಾಗ ಕಲಸ್ತಾರ. ದರ ಬಿದ್ದಿದ್ದಕ್ಕ ಹೊಟ್ಟಿ ಸಂಕಟಾನೂ ಅದರಾಗ ಇತ್ತು.

2024ರ ಮಾರ್ಚ್‌ನಾಗ ಮೆಣಸಿನಕಾಯಿ ದರ ಕುಸದಾಗ ನಮ್ಮೂರ ಮಾರುಕಟ್ಟಿ ಅಂಗಳದಾಗ ಗಾಡಿಗೆ ಬೆಂಕಿ ಬಿದ್ದಿದ್ದು ನೀವೆಲ್ಲಾ ಟೀವಿಯಾಗ ನೋಡೀರಿ. ಬೆಂಕಿ ಹಚ್ಚಿದ್ದು ಸರಿ ಅಂತ ನಾ ಅನ್ನಂಗಿಲ್ಲ. ಆದ್ರ ಚೀಲದ ಮ್ಯಾಲ ಕುಂತವಂಗ ಮಾತ್ರ ಗೊತ್ತು ಆ ಹೊತ್ತು ಹೆಂಗಿರತೈತಿ ಅನ್ನೂದು. ಮತ್ತ ಈ ಕೇನ್ಸ್ ಸಾಹೇಬ್ರು ತಗ್ಗು ತೋಡಿ ತಗ್ಗು ಮುಚ್ರಿ ಅಂದ್ರಂತಲ್ಲ?

ನಿವೃತ್ತ_ಮಾಸ್ತರ_ಧಾರವಾಡ (ಭಾನುವಾರ, ಬೆಳಿಗ್ಗೆ 8:20)

ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೂ ಇದೆ. ತಗ್ಗಿನ ಮಾತು ಮಾತ್ರ ಹಾಗಲ್ಲ. ಬಾಟಲಿಯಲ್ಲಿ ನೋಟು ತುಂಬಿ ಹಳೆಯ ಗಣಿಯಲ್ಲಿ ಹೂಳಿ, ಜನ ಅಗೆದು ತೆಗೆಯಲಿ, ಅದೂ ಸುಮ್ಮನಿರುವುದಕ್ಕಿಂತ ಮೇಲು ಎಂದು ಆತ ಕುಟುಕಿದ್ದು. ಮನೆ ಕಟ್ಟಿಸುವುದು ಇದಕ್ಕಿಂತ ಬುದ್ಧಿವಂತಿಕೆ ಎಂದು ಅಲ್ಲಿಯೇ ಬರೆದಿದ್ದಾನೆ. ನಾವು ಗಣಿ ಅಗೆದು ಬಂಗಾರ ತೆಗೆದು ಮತ್ತೆ ಬ್ಯಾಂಕಿನ ನೆಲಮಾಳಿಗೆಯಲ್ಲಿ ಹೂಳುವುದನ್ನು ಮಾತ್ರ ಶಾಣ್ಯಾತನ ಅನ್ನುತ್ತೇವಲ್ಲ, ಅದರ ಗೇಲಿ ಅದು.

ಆತನ ಮುಖ್ಯ ಮಾತು ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ನಿಂತರೆ ತಿಳಿಯುತ್ತದೆ. ಮಂದಿ ಬಂತೆಂದು ಅರಿವೆ ಅಂಗಡಿಯವನು ಇಬ್ಬರು ಹುಡುಗರನ್ನು ಬಿಡಿಸುತ್ತಾನೆ. ಆ ಹುಡುಗರು ಗಿರಮಿಟ್ ತಿನ್ನುವುದು ಬಿಡುತ್ತಾರೆ. ಗಿರಮಿಟ್‌ನವನು ಮಗಳಿಗೆ ಅರಿವೆ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾನೆ. ಒಬ್ಬೊಬ್ಬರೂ ಮಾಡಿದ್ದು ಶಾಣ್ಯಾತನವೇ, ಎಲ್ಲ ಕೂಡಿ ಮುಳುಗುತ್ತಾರೆ. ಯಾರೋ ಒಬ್ಬರು ಮುಷ್ಟಿ ಸಡಿಲಿಸಬೇಕು. ಆಗ ಸಡಿಲಿಸಬಲ್ಲದ್ದು ಸರಕಾರ ಒಂದೇ, ಸಾಲ ಮಾಡಿಯಾದರೂ ಸರಿ.

ಆದರೆ ನಿಮ್ಮ ಚೀಲದ ಮೇಲೆ ಕೂತವನ ಸಂಕಟವನ್ನು ಸರಿಯಾಗಿ ಬರೆದವನು ಕೇನ್ಸ್ ಅಲ್ಲ, ಅಮೆರಿಕದ ಅರ್ವಿಂಗ್ ಫಿಶರ್. ಈತನ ಕತೆ ವಿಚಿತ್ರ. 1929ರ ಅಕ್ಟೋಬರಿನಲ್ಲಿ, ಕುಸಿತಕ್ಕೆ ಕೆಲವೇ ದಿನ ಮೊದಲು, ಶೇರು ದರ ಎತ್ತರಕ್ಕೆ ಹೋಗಿ ಅಲ್ಲೇ ಕಾಯಮ್ಮಾಗಿ ನಿಂತಿದೆ ಎಂದು ಹೇಳಿಕೆ ಕೊಟ್ಟ. ಬರೀ ಹೇಳಲಿಲ್ಲ, ತನ್ನ ರೊಕ್ಕವನ್ನೂ ಅದರಲ್ಲೇ ಇಟ್ಟಿದ್ದ. ಎಲ್ಲ ಹೋಯಿತು. ಕೊನೆಗೆ ಇದ್ದ ಮನೆಯನ್ನು ಯೇಲ್ ವಿಶ್ವವಿದ್ಯಾಲಯ ಕೊಂಡು ಅವನಿಗೇ ಬಾಡಿಗೆಗೆ ಬಿಟ್ಟಿತು. ಇಷ್ಟು ಪೆಟ್ಟು ತಿಂದವನು 1933ರಲ್ಲಿ ಒಂದು ಲೇಖನ ಬರೆದ, ಸಾಲ ಮತ್ತು ದರ ಇಳಿತದ ಬಗ್ಗೆ.

ಲೆಕ್ಕ ನೋಡಿ, ತಿಳಿಯಲೆಂದು ನಾನೇ ಹಾಕಿದ ಅಂಕಿ. ನಿಮಗೆ 100 ರೂಪಾಯಿ ಸಾಲ. ಶೇಂಗಾ ಚೀಲಕ್ಕೆ 10 ರೂಪಾಯಿ ಇದ್ದಾಗ ಸಾಲ ಅಂದರೆ 10 ಚೀಲ. ದರ 5ಕ್ಕೆ ಬಿತ್ತು. ಕಾಗದದಲ್ಲಿ ಅದೇ 100, ಹೊಲದಲ್ಲಿ 20 ಚೀಲ. ನೀವು ಹೆದರಿ ಇದ್ದಬದ್ದ ಮಾಲು ಮಾರಲು ಬರುತ್ತೀರಿ. ಎಲ್ಲರೂ ಹಾಗೆಯೇ ಬಂದರೆ ದರ 4. ನೀವು 20 ರೂಪಾಯಿ ತೀರಿಸಿದಿರಿ, ಉಳಿದದ್ದು 80. ಅದು ಮತ್ತೆ 20 ಚೀಲವೇ! ತೀರಿಸಿದಷ್ಟೂ ಸಾಲ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಬೆಳೆಯುತ್ತದೆ. ಫಿಶರ್ ಕಂಡದ್ದು ಇದನ್ನು. ಅವನ ಮದ್ದೇನೆಂದರೆ ದರವನ್ನು ಹಳೆಯ ಮಟ್ಟಕ್ಕೆ ಎತ್ತಬೇಕು, ಅದಕ್ಕೆ ಹಣದ ಹರಿವು ಹೆಚ್ಚಿಸಬೇಕು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಬಂಗಾರದ ದರವನ್ನು ಔನ್ಸಿಗೆ 20.67 ಡಾಲರಿನಿಂದ 1934ರ ಜನವರಿಯಲ್ಲಿ 35ಕ್ಕೆ ಏರಿಸಿದ್ದು ಇದೇ ದಾರಿ.

ಅಮರಗೋಳ_ದಲಾಲ (ಭಾನುವಾರ, ಬೆಳಿಗ್ಗೆ 8:41)

80 ಅಂದ್ರ ಮತ್ತ 20 ಚೀಲ. ಮಾಸ್ತರ್ರಿ, ಇದನ್ನ ಅಂಗಡಿ ಗ್ವಾಡಿಗೆ ಬರಸ್ತೀನಿ.

ರಾಣೇಬೆನ್ನೂರು_ಬೀಜ (ಭಾನುವಾರ, ಬೆಳಿಗ್ಗೆ 10:15)

ನಾನು ಒಂದು ತಕರಾರು ಎತ್ತಲೇಬೇಕು. ಬೀಜದ ವ್ಯಾಪಾರದಾಗ 20 ವರ್ಷ ಆತು. ರಾಶಿ ಮಾಡಿದ ಮ್ಯಾಲೆ ತೂರಬೇಕು. ಗಾಳಿಗೆ ಹಿಡದ್ರ ಜೊಳ್ಳು ಹಾರಿ ಹೊಕ್ಕತಿ, ಗಟ್ಟಿ ಕಾಳು ಕಾಲಾಗ ಬೀಳತೈತಿ. ಮಂದಿ ಅಂದ್ರ ಆ ಗಾಳಿ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಶುಂಪೀಟರ್ ಹೇಳಿದ್ದು ಇದನ್ನ, ಹಳೇದು ಮುರದು ಹೊಸಾದು ಹುಟ್ಟೂದ ಬಂಡವಾಳಶಾಹಿಯ ಜೀವಾಳ ಅಂತ. ಅದ ದೇಶದ ಹಾಯೆಕ್ ಇನ್ನೂ ಖಡಕ್. ಸೋವಿ ಬಡ್ಡೀಲೆ ಸಾಲಾ ಕೊಟ್ಟು ತೇಜಿ ಎಬ್ಬಿಸಿದಾಗ ಎಲ್ಲೆಲ್ಲೋ ರೊಕ್ಕ ಸುರೀತಾರ, ಆ ತಪ್ಪು ತೊಳದ ಹೋಗೂದಕ್ಕ ಮಂದಿ ಬೇಕ ಬೇಕು ಅಂತಾನ. ಸರಕಾರ ಕೈ ಹಾಕಿದ್ರ ಜೊಳ್ಳು ಉಳಿತೈತಿ. ಸಾಲಮನ್ನಾ, ಸಬ್ಸಿಡಿ, ಇವೆಲ್ಲಾ ನಿಯತ್ತಾಗಿ ಕಟ್ಟಿದವನ ಮಾರಿಗೆ ಹೊಡದಂಗ.

ಬೆಟಗೇರಿ_ಮಗ್ಗ (ಭಾನುವಾರ, ಬೆಳಿಗ್ಗೆ 11:02)

ಬೀಜದ ಅಣ್ಣಾರ, ಒಂದ ಪ್ರಶ್ನೆ. ಜೊಳ್ಳು ಯಾವುದು ಅಂತ ತೂರೂವಂವಾ ಹೇಳ್ತಾನೋ ಕಾಳು ಹೇಳತೈತೋ?

ನಮ್ಮ ಮನ್ಯಾಗ ನಾಕು ಕೈಮಗ್ಗ ಇದ್ದುವು. 2020ರ ಲಾಕ್‌ಡೌನ್‌ನಾಗ ನೇದ ಸೀರಿ ಅಟ್ಟದ ಮ್ಯಾಲ ಹಂಗ ಕುಂತುವು. ಮದುವಿ ಇಲ್ಲ, ಜಾತ್ರಿ ಇಲ್ಲ, ಯಾರ ತಗೋತಾರ? ನೂಲಿನ ಉದ್ರಿ ಮಾತ್ರ ನಮ್ಮ ತಲಿ ಮ್ಯಾಲ. ಎರಡು ಮಗ್ಗ ಮಾರಿದ್ವಿ, ಕಟಗಿ ದರಕ್ಕ. ನಮ್ಮ ಸೀರಿ ಕೆಟ್ಟಿದ್ದಕ್ಕ ಮುಚ್ಚಲಿಲ್ಲರಿ, ಮೂರು ತಿಂಗಳ ಗಾಳಿ ಬೀಸಿದ್ದಕ್ಕ ಮುಚ್ಚಿದ್ವು. ಈಗ ಸೀರಿ ಕೇಳ್ಕೊಂಡು ಬರ್ತಾರ, ಮಗ್ಗ ಇಲ್ಲ. ಕಾಳೂ ಹಾರಿ ಹೋತಲ್ಲ?

ನಿವೃತ್ತ_ಮಾಸ್ತರ_ಧಾರವಾಡ (ಭಾನುವಾರ, ಮಧ್ಯಾಹ್ನ 12:30)

ಅಕ್ಕಾರು ಹೇಳಿದ್ದಕ್ಕೆ ಮೇಲೆ ಹೇಳುವುದೇನೂ ಇಲ್ಲ. ಶುಂಪೀಟರ್ ಬಗ್ಗೆ ಒಂದು ಉಪಕಥೆ ಮಾತ್ರ. ಆತ ಕೇನ್ಸ್ ಹುಟ್ಟಿದ ವರ್ಷವೇ ಹುಟ್ಟಿದವನು, 1883. ಮಾರ್ಕ್ಸ್ ತೀರಿಕೊಂಡದ್ದೂ ಅದೇ ವರ್ಷ. 1919ರಲ್ಲಿ ಆಸ್ಟ್ರಿಯಾದ ಅರ್ಥಮಂತ್ರಿಯಾಗಿದ್ದ. ಆಮೇಲೆ ವಿಯೆನ್ನಾದಲ್ಲಿ ಒಂದು ಬ್ಯಾಂಕಿನ ಅಧ್ಯಕ್ಷನಾದ. 1924ರ ಕುಸಿತದಲ್ಲಿ ಆ ಬ್ಯಾಂಕಿನ ಜೊತೆ ತಾನೂ ಮುಳುಗಿದ, ಸಾಲ ತೀರಿಸಲು ವರ್ಷಗಟ್ಟಲೆ ದುಡಿಯಬೇಕಾಯಿತು. ಆ ತೂರುವಿಕೆಯಲ್ಲಿ ಆತ ಜೊಳ್ಳಾಗಿದ್ದನೇ? ಹಾಗಾಗಿದ್ದರೆ ನಮಗೆ 1942ರ ಅವನ ದೊಡ್ಡ ಪುಸ್ತಕವೇ ಬರುತ್ತಿರಲಿಲ್ಲ.

ಇನ್ನು ಬರೀ ತೂರುತ್ತಾ ನಿಂತವರ ಕತೆ ಜರ್ಮನಿಯದು. ಬ್ರೂನಿಂಗ್ ಎಂಬ ಚಾನ್ಸಲರ್ 1930ರಿಂದ 32ರವರೆಗೆ ಸಂಬಳ ಕಡಿದ, ಖರ್ಚು ಕಡಿದ, ಕರ ಏರಿಸಿದ. 1932ರ ಆರಂಭಕ್ಕೆ 60 ಲಕ್ಷ ಮಂದಿ ನಿರುದ್ಯೋಗಿಗಳು. 1933ರ ಜನವರಿಯಲ್ಲಿ ಕುರ್ಚಿಗೆ ಬಂದವನು ಹಿಟ್ಲರ್ ಎಂದು ಹೇಳಬೇಕಿಲ್ಲ.

ರಾಣೇಬೆನ್ನೂರು_ಬೀಜ (ಭಾನುವಾರ, ಮಧ್ಯಾಹ್ನ 12:52)

ಅಕ್ಕಾರ, ನಿಮ್ಮ ಮಗ್ಗದ ಮಾತು ಒಪ್ಪಿದೆ. ಆದ್ರ ಎಂದೆಂದಿಗೂ ನಷ್ಟದಾಗ ಇರೂ ಫ್ಯಾಕ್ಟರಿಗೆ ಜನರ ರೊಕ್ಕ ಸುರಿಯೂದನ್ನ ನಾ ಒಪ್ಪಂಗಿಲ್ಲ. ಅದು ಬ್ಯಾರೆ, ಇದು ಬ್ಯಾರೆ.

ಸಪ್ತಾಪುರ_ರೂಮ್_4 (ಭಾನುವಾರ, ಮಧ್ಯಾಹ್ನ 3:05)

ಕಡ್ಡಿ ಅಣ್ಣಾರಿಗೆ ನನ್ನ ಕಡೆಯಿಂದ ಒಂದು ಉತ್ತರ. ಪಂಡಿತರು ಬರೆಯುವ ಮೊದಲೇ ಮಾಡಿದವರಿದ್ದಾರೆ. ಜಪಾನಿನ ತಕಾಹಾಶಿ ಕೊರೆಕಿಯೊ 1931ರ ಡಿಸೆಂಬರಿನಲ್ಲಿ ಮತ್ತೆ ಅರ್ಥಮಂತ್ರಿಯಾದವರೇ ಚಿನ್ನದ ಹಗ್ಗ ಬಿಚ್ಚಿದರು, ಬಡ್ಡಿ ಇಳಿಸಿದರು, ಸಾಲ ಮಾಡಿ ಖರ್ಚು ಮಾಡಿದರು. ಜಪಾನ್ ಬೇರೆಯವರಿಗಿಂತ ಬೇಗ ಎದ್ದಿತು. ಎದ್ದ ಮೇಲೆ ಸೈನ್ಯದ ಖರ್ಚಿಗೆ ಲಗಾಮು ಹಾಕಲು ಹೋದರು, 1936ರ ಫೆಬ್ರುವರಿ 26ರಂದು ಸೈನಿಕರೇ ಅವರನ್ನು ಕೊಂದರು. ಕೇನ್ಸರ ಗ್ರಂಥ ಬಂದದ್ದೂ ಅದೇ ತಿಂಗಳು. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ರೂಸ್‌ವೆಲ್ಟ್ ಕೂಡ ಕೇನ್ಸ್ ಓದಿ ಕೆಲಸ ಮಾಡಲಿಲ್ಲ. ಆ ಮೂರ್ನಾಲ್ಕು ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 9000 ಬ್ಯಾಂಕು ಮುಳುಗಿದ್ದವು. 1933ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದವರೇ ಎಲ್ಲ ಬ್ಯಾಂಕಿಗೂ ರಜೆ ಕೊಟ್ಟರು. ಗಟ್ಟಿ ಇದ್ದವಕ್ಕಷ್ಟೇ ಬಾಗಿಲು ತೆರೆಯಲು ಬಿಡುತ್ತೇವೆ, ಹೆದರಬೇಡಿ ಎಂದು ರೇಡಿಯೋದಲ್ಲಿ ಜನರಿಗೆ ಹೇಳಿದರು. ಬ್ಯಾಂಕು ತೆರೆದಾಗ ಜನ ಹಾಸಿಗೆ ಕೆಳಗಿಟ್ಟ ರೊಕ್ಕ ತಂದು ಮತ್ತೆ ಕಟ್ಟಿದರು! ಠೇವಣಿಗೆ ವಿಮೆ 1934ರ ಜನವರಿಯಿಂದ, ಮೊದಲಿಗೆ 2500 ಡಾಲರ್‌ವರೆಗೆ. 1935ರಲ್ಲಿ ವೃದ್ಧಾಪ್ಯದ ಪಿಂಚಣಿ, ನಿರುದ್ಯೋಗ ಭತ್ಯೆ. ಬಂಡವಾಳಶಾಹಿ ಬದಲಾದದ್ದು ಇಂಥ ಕಾಯ್ದೆಗಳಿಂದ ಅನ್ನಿಸುತ್ತದೆ.

ಅಮರಗೋಳ_ದಲಾಲ (ಭಾನುವಾರ, ಮಧ್ಯಾಹ್ನ 3:20)

ತಂಗಿ, ಆ ಠೇವಣಿ ವಿಮೆ ನಮ್ಮಲ್ಲೂ ಐತೇನವ್ವ? ನಮ್ಮ ಮಾವನವರದು ಒಂದು ಪತ್ತಿನ ಸಂಘದಾಗ ಇತ್ತು, ಮ್ಯಾನೇಜರ್ ಬೀಗ ಹಾಕ್ಕೊಂಡು ಹೋದ. ಹೆಸರು ಬ್ಯಾಡ.

ಸಪ್ತಾಪುರ_ರೂಮ್_4 (ಭಾನುವಾರ, ಮಧ್ಯಾಹ್ನ 3:44)

ಇದೆ ಕಾಕಾ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ನಮ್ಮಲ್ಲೂ ಎಚ್ಚರವಾಯಿತು. 1962ರ ಜನವರಿ 1ರಿಂದ ಜಾರಿ, ಆಗ 1500 ರೂಪಾಯಿವರೆಗೆ. 1993ರಿಂದ 1 ಲಕ್ಷ, 2020ರ ಫೆಬ್ರುವರಿಯಿಂದ 5 ಲಕ್ಷ. ಸಹಕಾರಿ ಬ್ಯಾಂಕುಗಳಿಗೂ ಅನ್ವಯ. ಆದರೆ ಪತ್ತಿನ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ "ಬ್ಯಾಂಕ್" ಅಂತ ಇದೆಯೋ "ಪತ್ತಿನ ಸಹಕಾರಿ ಸಂಘ" ಅಂತ ಇದೆಯೋ ನೋಡಿ ರೊಕ್ಕ ಇಡಬೇಕು.

ಅಮರಗೋಳ_ದಲಾಲ (ಭಾನುವಾರ, ಮಧ್ಯಾಹ್ನ 3:46)

ಈಗ ಹೇಳಿದಿ ನೋಡವ್ವ. ನಾಕು ವರ್ಷ ತಡಾ ಆತು.

ಕಣಗಿನಹಾಳ_ಬೀಗರು (ಭಾನುವಾರ, ಸಂಜೆ 5:30)

ಪತ್ತಿನ ಸಂಘ ಅಂದಕೂಡ್ಲೆ ಬೈಬ್ಯಾಡ್ರಿ. ನಮ್ಮ ಬೀಗರ ಊರು ಕಣಗಿನಹಾಳ, ಗದಗ ತಾಲೂಕು. ದೇಶದ ಮೊದಲನೇ ಕೃಷಿ ಪತ್ತಿನ ಸಹಕಾರ ಸಂಘ 1905ರಾಗ ಹುಟ್ಟಿದ್ದು ಅಲ್ಲೇ, ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದಕ್ಕ ಹಿಂದಿನ ವರ್ಷ, 1904ಕ್ಕ, ಬ್ರಿಟಿಷರು ಸಹಕಾರ ಸಂಘದ ಕಾಯ್ದೆ ತಂದಿದ್ರು. ಕಾಯ್ದೆಯ ಮಾದರಿ ಜರ್ಮನಿಯ ರೈಫೈಸನ್ ಅನ್ನಾವಂದು. ಅಂವಾ ಅರ್ಥಶಾಸ್ತ್ರಜ್ಞ ಅಲ್ಲ, ಒಂದು ಸಣ್ಣ ಊರಿನ ಮೇಯರ್. 1846-47ರ ಹಸಿವಿನ ಚಳಿಗಾಲದಾಗ ಊರವರಿಗೆ ರೊಟ್ಟಿ ಹೆಂಗ ಒದಗಸಬೇಕು ಅಂತ ಶುರು ಮಾಡಿದಂವಾ, ಮುಂದ ಸಾಲದ ಸಂಘಕ್ಕ ಬಂದ.

ಮತ್ತ ಈ ಕಾಯ್ದೆ ಸುಮ್ಮನ ಬರಲಿಲ್ಲ. 1861ಕ್ಕ ಅಮೆರಿಕಾದಾಗ ಅಂತರ್ಯುದ್ಧ ಹತ್ತಿ ಅಲ್ಲಿ ಹತ್ತಿ ಬರೂದು ನಿಂತಾಗ ನಮ್ಮ ಧಾರವಾಡ-ಅಮೆರಿಕನ್ ಹತ್ತಿಗೆ ಬಂಗಾರದ ದರ ಬಂತು. 1865ಕ್ಕ ಯುದ್ಧ ಮುಗೀತು, ದರ ನೆಲಕ್ಕ ಬಿತ್ತು. ತೇಜಿಯಾಗ ಮಾಡಿದ ಸಾಲ ಮಂದಿಯಾಗ ಉಳೀತು. 1875ಕ್ಕ ಪುಣೆ, ಅಹ್ಮದನಗರದಾಗ ರೈತರು ಸಾವ್ಕಾರರ ಮನಿ ಹೊಕ್ಕು ಸಾಲಪತ್ರ ಸುಟ್ರು. ಮನಿ ಅಲ್ಲ, ಪತ್ರ. ಫಿಶರ್ ಸಾಹೇಬ 58 ವರ್ಷದ ಮ್ಯಾಲೆ ಬರದದ್ದು ಅವರಿಗೆ ಆಗ ಗೊತ್ತಿತ್ತು.

ಬ್ಯಾಡಗಿ_ಕಡ್ಡಿ (ಭಾನುವಾರ, ಸಂಜೆ 5:41)

ಬೀಗರ, ಈ ಮಾತಿಗೆ ಒಂದು ಹೆಚ್ಚಿನ ಒಗ್ಗರಣಿ ಗಿರಮಿಟ್ ನನ್ನ ಕಡೆಯಿಂದ.

ಅಮರಗೋಳ_ದಲಾಲ (ಭಾನುವಾರ, ಸಂಜೆ 5:58)

ಖಾತ್ರಿ ಕೆಲಸದ ಬಗ್ಗೆ ಯಾರೂ ಮಾತಾಡವಲ್ರಿ. ಲಾಕ್‌ಡೌನ್‌ನಾಗ ಗೋವಾ, ಬೆಂಗಳೂರಿಂದ ಹಳ್ಳಿಗೆ ಬಂದವರು ಅದನ್ನ ನೆಚ್ಚಿ ಉಂಡ್ರು. ಕೆರಿ ಹೂಳು ತಗದ್ರು, ಹೊಲದಾಗ ಬದುವು ಹಾಕಿದ್ರು. ಆದ್ರ ನಮ್ಮೂರ ದೊಡ್ಡ ಒಕ್ಕಲಿಗರು ಅದರ ಹೆಸರು ಹೇಳಿದ್ರ ಉರದ ಬೀಳ್ತಾರ. ಆಳು ಸಿಗವಲ್ರು, ಕೂಲಿ ಏರಿತು, ಮಂದಿ ಮೈಗಳ್ಳರಾದ್ರು ಅಂತ.

ನಿವೃತ್ತ_ಮಾಸ್ತರ_ಧಾರವಾಡ (ಭಾನುವಾರ, ಸಂಜೆ 7:15)

ಇದನ್ನು 1943ರಲ್ಲಿಯೇ ಬರೆದಿಟ್ಟವನಿದ್ದಾನೆ. ಪೋಲೆಂಡಿನ ಮಿಖಾವ್ ಕಲೆತ್ಸ್ಕಿ. ಕೇನ್ಸರ ಗ್ರಂಥಕ್ಕೆ ಮೂರು ವರ್ಷ ಮೊದಲೇ ಹೆಚ್ಚುಕಡಿಮೆ ಅದೇ ವಿಚಾರ ಹೇಳಿದ್ದ, ಪೋಲಿಷ್ ಭಾಷೆಯಲ್ಲಿ ಬರೆದನಾದ್ದರಿಂದ ಹೊರಗಿನವರು ಓದಲಿಲ್ಲ. ನಮ್ಮ ಭಾಷೆಯಲ್ಲಿ ಬರೆಯುವವರ ಪಾಡೂ ಅದೇ ಬಿಡಿ.

ಕಲೆತ್ಸ್ಕಿ ಕೇಳಿದ್ದು ಹೀಗೆ: ಸರಕಾರ ಖರ್ಚು ಮಾಡಿದರೆ ಮಾಲು ಹೆಚ್ಚು ಮಾರುತ್ತದೆ, ಮಾಲೀಕರಿಗೆ ಲಾಭವೇ. ಆದರೂ ಅವರು ಯಾಕೆ ಬೇಡ ಅನ್ನುತ್ತಾರೆ? ಉತ್ತರ: ಎಲ್ಲರಿಗೂ ಸದಾ ಕೆಲಸ ಇದ್ದರೆ "ನಾಳೆಯಿಂದ ಬರಬೇಡ" ಎಂಬ ಮಾತಿಗೆ ಬೆಲೆ ಇರುವುದಿಲ್ಲ. ಲಾಭಕ್ಕಿಂತ ಆ ಹಿಡಿತ ಅವರಿಗೆ ಹೆಚ್ಚು. ಆದ್ದರಿಂದ ಮಂದಿ ಬಂದಾಗ ಸರಕಾರವನ್ನು ಕರೆಯುತ್ತಾರೆ, ಚೇತರಿಸಿಕೊಂಡ ಕೂಡಲೇ ಹೊರಗೆ ದಬ್ಬುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನ ಎಂದಾಗ ನಿಮ್ಮೂರ ಗೌಡರಿಗೆ ಸಿಟ್ಟು ಬಂದದ್ದು ಕೂಲಿಯ ರೊಕ್ಕಕ್ಕಷ್ಟೇ ಅಲ್ಲ. ಮನೆ ಬಾಗಿಲಿಗೆ ಬಂದು ಕೈಕಟ್ಟಿ ನಿಲ್ಲುವವರು ಕಡಿಮೆಯಾದರಲ್ಲ, ಅದಕ್ಕೆ.

ರಾಣೇಬೆನ್ನೂರು_ಬೀಜ (ಭಾನುವಾರ, ಸಂಜೆ 7:50)

ಮಾಸ್ತರ್ರಿ, ಬರೇ ಒಂದ ಕಡೆ ತಕ್ಕಡಿ ತೂಗಬ್ಯಾಡ್ರಿ. 1970ರ ದಶಕದಾಗ ಇದ ಕೇನ್ಸ್ ಮದ್ದು ಕುಡದು ಅಮೆರಿಕಾ, ಇಂಗ್ಲೆಂಡ್ ಹೊಟ್ಟಿ ಉಬ್ಬರಸ್ಕೊಂಡಿದ್ದೂ ಹೇಳ್ರಿ. ತುಟ್ಟೀನೂ ಏರಿತು, ನಿರುದ್ಯೋಗಾನೂ ಏರಿತು. ಅಮೆರಿಕಾದ ಅರ್ಥಶಾಸ್ತ್ರಜ್ಞ ಫ್ರೀಡ್‌ಮನ್ ಮೊದಲ ಹೇಳಿದ್ದ.

ನಿವೃತ್ತ_ಮಾಸ್ತರ_ಧಾರವಾಡ (ಭಾನುವಾರ, ರಾತ್ರಿ 8:35)

ಹೌದು, ಅದು ನಿಜ. 1973ರ ತೈಲದ ಪೆಟ್ಟು ಒಂದು ಕಡೆ, ಹಿಡಿತವಿಲ್ಲದ ಖರ್ಚು ಇನ್ನೊಂದು ಕಡೆ. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ವೋಲ್ಕರ್ 1981ರ ಹೊತ್ತಿಗೆ ಬಡ್ಡಿಯನ್ನು ಶೇ. 20ರ ಹತ್ತಿರ ಒಯ್ದು ತುಟ್ಟಿಯನ್ನು ಮುರಿದ. ಅದರ ಬೆಲೆ, 1982ರ ಕೊನೆಗೆ ಶೇ. 10.8 ನಿರುದ್ಯೋಗ. ಆಗಿನಿಂದ ಗಾಳಿ ತಿರುಗಿತು.

ಆದರೆ ಫ್ರೀಡ್‌ಮನ್ ಬಗ್ಗೆ ಪೂರ್ತಿ ಹೇಳಬೇಕು. ಆತ ಆನಾ ಶ್ವಾರ್ಟ್ಸ್ ಜೊತೆ 1963ರಲ್ಲಿ ಬರೆದ ಇತಿಹಾಸದಲ್ಲಿ ತೋರಿಸಿದ್ದು, 1929ರಿಂದ 33ರೊಳಗೆ ಅಮೆರಿಕದ ಹಣದ ಪ್ರಮಾಣ ಮೂರನೇ ಒಂದು ಪಾಲು ಕರಗಿತು, ಕೇಂದ್ರ ಬ್ಯಾಂಕು ನೋಡುತ್ತಾ ಕೂತಿತು ಎಂದು. ಮಂದಿಯಲ್ಲಿ ಸುಮ್ಮನೆ ತೂರುತ್ತಿರಿ ಅಂದವನಲ್ಲ ಆತ. ಅವನ 90ನೇ ಹುಟ್ಟುಹಬ್ಬಕ್ಕೆ 2002ರಲ್ಲಿ ಆ ಕೇಂದ್ರ ಬ್ಯಾಂಕಿನ ಆಡಳಿತದಲ್ಲಿದ್ದ ಬೆರ್ನಾಂಕೆ ಎದ್ದು ನಿಂತು, ತಪ್ಪು ನಮ್ಮದೇ, ಇನ್ನೊಮ್ಮೆ ಮಾಡುವುದಿಲ್ಲ ಎಂದು ಕೇಂದ್ರ ಬ್ಯಾಂಕಿನ ಪರವಾಗಿ ಒಪ್ಪಿಕೊಂಡ. ಆರು ವರ್ಷಕ್ಕೆ, 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ಯಾಂಕು ಮುಳುಗಿದಾಗ ಅದೇ ಬೆರ್ನಾಂಕೆ ಕೇಂದ್ರ ಬ್ಯಾಂಕಿನ ಮುಖ್ಯಸ್ಥನ ಕುರ್ಚಿಯಲ್ಲಿದ್ದ. ಹಣದ ತೂಬು ಎತ್ತಿಬಿಟ್ಟ.

ಬ್ಯಾಡಗಿ_ಕಡ್ಡಿ (ಭಾನುವಾರ, ರಾತ್ರಿ 8:44)

ತೂಬು ಎತ್ತಿದ ನೀರು ಯಾರ ಹೊಲಕ್ಕ ಹರೀತು ಅದನ್ನೂ ಹೇಳ್ರಿ. ಬ್ಯಾಂಕಿನವರಿಗೆ 700 ಬಿಲಿಯನ್ ಡಾಲರ್ ತಗದಿಟ್ರು. ಮನಿ ಕಳಕೊಂಡವರಿಗೆ? ದೊಡ್ಡವರ ಸಾಲಕ್ಕ "ಪುನಶ್ಚೇತನ", ನಮ್ಮ ಸಾಲಕ್ಕ "ಮನ್ನಾ ಚಟ". ಶಬ್ದದಾಗ ಜಾತಿ ಮಾಡ್ಯಾರ ನೋಡ್ರಿ.

ಸಪ್ತಾಪುರ_ರೂಮ್_4 (ಭಾನುವಾರ, ರಾತ್ರಿ 9:02)

ಕಡ್ಡಿ ಅಣ್ಣಾರ, ನಿಮ್ಮ ಈ ಪ್ರಶ್ನೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಮಿನ್‌ಸ್ಕಿ ಹತ್ತಿರದ ಉತ್ತರ ಕೊಡುತ್ತಾರೆ. 1996ರಲ್ಲಿ ತೀರಿಕೊಂಡರು, 2008ರಲ್ಲಿ ಎಲ್ಲರೂ ಹುಡುಕಿ ಓದಿದರು. ಸಾಲಗಾರರಲ್ಲಿ ಮೂರು ತರ: ಗಳಿಕೆಯಿಂದ ಅಸಲು ಬಡ್ಡಿ ಎರಡೂ ಕಟ್ಟುವವರು, ಬರೀ ಬಡ್ಡಿ ಕಟ್ಟುವವರು, ಬಡ್ಡಿ ಕಟ್ಟಲೂ ಹೊಸ ಸಾಲ ಮಾಡುವವರು. ಕಾಲ ಚೆನ್ನಾಗಿದ್ದಷ್ಟೂ ಧೈರ್ಯ ಹೆಚ್ಚಿ ಜನ ಮೊದಲನೆಯದರಿಂದ ಮೂರನೆಯದಕ್ಕೆ ಜಾರುತ್ತಾರೆ. ಅಂದರೆ ತೇಜಿಯ ಹೊಟ್ಟೆಯಲ್ಲೇ ಮಂದಿ ಹುಟ್ಟುತ್ತದೆ.

ನಿರ್ವಾಹಕ (ಭಾನುವಾರ, ರಾತ್ರಿ 9:20)

ಈಗಿನ ಪಕ್ಷಗಳ ಹೆಸರು ಹಿಡಿದು ಬೈದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. 1931ರಲ್ಲೇ ಇರಿ, ದಯವಿಟ್ಟು.

ಬೆಟಗೇರಿ_ಮಗ್ಗ (ಭಾನುವಾರ, ರಾತ್ರಿ 9:41)

1931ಕ್ಕ ಹೊಳ್ಳಿ ಬರೂಣು. ಕೀರ್ದಿ ಅಣ್ಣಾರ, ಮುಂಜಾನಿಂದ ಕೇಳಬೇಕಂತ ಮಾಡೀನಿ. ನಿಮ್ಮ ಪುಸ್ತಕದಾಗ ನಮ್ಮ ಬೆಟಗೇರಿ ಹೆಸರು ಐತೇನ್ರಿ? ನಮ್ಮಜ್ಜಿ ತವರವರು ಕೊಟ್ಟಿದ್ದ ಜೋಡಿ ಬಿಲವಾರ ಮಂದಿ ಕಾಲದಾಗ ಹೋದ್ವು ಅಂತ ಅಳ್ತಿದ್ಲು. ಯಾರ ಕೈಗೆ ಹೋದ್ವು ಅಂತ ಎಂದೂ ಹೇಳ್ಲಿಲ್ಲ.

ಕೀರ್ದಿ_ಗದಗ (ಭಾನುವಾರ, ರಾತ್ರಿ 10:30)

ಅಕ್ಕಾರ, ಹುಡುಕಿದೆ. ಬೆಟಗೇರಿ ಹೆಸರು ಹನ್ನೊಂದು ಕಡೆ ಐತಿ. ಬಿಲವಾರ ಎರಡು ಕಡೆ. ಮಂದಿ ಹೆಸರು ಇಲ್ಲಿ ಹಾಕೂದು ಬ್ಯಾಡ, ನಿಮಗ ಬ್ಯಾರೆ ಸಂದೇಶ ಕಳಸೀನಿ, ನೋಡ್ರಿ. ನಮ್ಮ ಮುತ್ತಜ್ಜನ ಕಡೆಯಿಂದ ನಾ ಏನ್ ಹೇಳಬೇಕೋ ತಿಳಿವಲ್ದು.

ಒಂದು ಬಿಲವಾರದ ಮುಂದ ಮುಂಬೈ ಅಂತ ಇಲ್ಲ. ಆ ಸಾಲು ಹೊಡದ ಹಾಕಿ, ಅಂಚಿನಾಗ ಮೋಡಿಯಾಗ ಒಂದು ಶಬ್ದ ಬರದಾನ. ತಾರೀಖು 1933. ಫೋಟೋ ಮಾಸ್ತರಿಗೆ ಕಳಸೀನಿ.

ನಿವೃತ್ತ_ಮಾಸ್ತರ_ಧಾರವಾಡ (ಭಾನುವಾರ, ರಾತ್ರಿ 11:25)

ಭೂತಗನ್ನಡಿ ಹಿಡಿದು ನೋಡಿದೆ. ಮುಂಬೈ ಪ್ರಾಂತದಲ್ಲಿ ರೈತರ ಸಾಲ ಪರಿಹಾರದ ಕಾಯ್ದೆ ಬಂದದ್ದು 1939ರಲ್ಲಿ, ಆಮೇಲೆ 1947ರಲ್ಲಿ ಮತ್ತೊಂದು. 1933ರಲ್ಲಿ ನಿಮ್ಮ ಮುತ್ತಜ್ಜನ ಕೈ ಹಿಡಿದು ಬರೆಸುವ ಕಾಯ್ದೆ ಇನ್ನೂ ಇರಲಿಲ್ಲ. ಆದ್ದರಿಂದ ಆಸೆಯಿಂದಲೇ ಓದಿದೆ.

ಮೊದಲಕ್ಷರ "ಮಾ", ಸಂಶಯವಿಲ್ಲ. ಎರಡನೆಯದರ ಮೇಲೆ ಗೆದ್ದಲು ಕೂತಿದೆ. "ಮಾಫ" ಇರಬಹುದು, ಸಾಲ ಬಿಟ್ಟ ಅಂತ. "ಮಾಪ" ಇರಬಹುದು, ಬರೀ ತೂಕ ನೋಡಿದ ಅಂತ. ಪುಟದ ಹಿಂಬದಿಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ, ಮಸಿ ಆ ಕಡೆ ಇಳಿದಿದ್ದರೆ ಗೊತ್ತಾಗುತ್ತದೆ.

ಬೆಟಗೇರಿ_ಮಗ್ಗ (ಭಾನುವಾರ, ರಾತ್ರಿ 11:31)

ನಾಳೆ ಮುಂಜಾನೆ ನಾನ ಬರ್ತೀನ್ರಿ ನಿಮ್ಮ ಮನೀಗೆ. ಪುಸ್ತಕ ಕಟ್ಟಿ ಮ್ಯಾಲ ಬಿಸಿಲಿಗೆ ತಗದಿಡ್ರಿ.